ಬೆಳಗಾಗೆದ್ದು ರಾತ್ರಿ ಮಾಡುವ ಚಂದ್ರಾ ಮಾವಶಿ

ಬೆಳಗಿನ ಆರೂವರೆ. ಮಿರಜಿನ ಮಕ್ಕಳ ಆಸ್ಪತ್ರೆಯೊಂದರ ಹಿಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಂದ್ರಾಬಾಯಿ ಮಗದುಮ್ ಒಳಗೆ ನಡೆಯುತ್ತಾರೆ. ಹೊರಗೆ ಡಿಸೆಂಬರ್ ಚಳಿ. ಸ್ಟೇಷನ್ ಕಡೆಯ ಚಹಾ ಗಾಡಿಗಳಲ್ಲಿ ಸ್ಟೋವ್ ಹೊತ್ತಿಕೊಂಡಿದೆ, ಆಕಾಶ ಬೆಳ್ಳಗಾಗುತ್ತಿದೆ. ಊರೆಲ್ಲ ಎದ್ದು ಹಗಲಿಗೆ ತಯಾರಾಗುವ ಹೊತ್ತಿನಲ್ಲಿ ಐವತ್ತೇಳರ ಈ ಹೆಂಗಸು ಬರುವುದು ರಾತ್ರಿ ಮಾಡಲಿಕ್ಕೆ.

ಎಕ್ಸ್‌ರೇ ವಿಭಾಗದ ಪಕ್ಕದಲ್ಲಿ ಕಿಟಕಿಯೇ ಇಲ್ಲದ ಒಂದು ಪುಟ್ಟ ಕೋಣೆ. ಮೊದಲು ಇಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುತ್ತಿದ್ದರು. ಎಲ್ಲ ಕಂಪ್ಯೂಟರಿಗೆ ಬಂದ ಮೇಲೆ ಈ ಡಾರ್ಕ್‌ರೂಮಿಗೆ ಕೆಲಸವಿಲ್ಲದಂತಾಯಿತು. ಈಗ ಅಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ ಇದೆ. ತೊಟ್ಟಿಯ ಮೇಲಿನ ಬಿಳಿ ದೀಪ ನಿನ್ನೆ ಸಂಜೆಯಿಂದ ಉರಿಯುತ್ತಲೇ ಇದೆ. ಚಂದ್ರಾಬಾಯಿ ಅದನ್ನು ಆರಿಸಿ ಗೋಡೆಯ ಹಳೆಯ ಕೆಂಪು ಬಲ್ಬು ಹಚ್ಚುತ್ತಾರೆ. ಹೊರಗೆ ಬೆಳಗಾಗುತ್ತದೆ, ಒಳಗೆ ಕತ್ತಲಾಗುತ್ತದೆ. ನೂರಾ ಹನ್ನೊಂದು ದಿನಗಳಿಂದ, ಭಾನುವಾರವನ್ನೂ ಬಿಡದೆ, ಅವರು ಹೀಗೆ ರಾತ್ರಿ ಮಾಡುತ್ತ ಬಂದಿದ್ದಾರೆ.

ದಿನದ ರೂಢಿಯಂತೆ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿದವರು ಇವತ್ತು ಹಾಗೇ ನಿಂತುಬಿಡುತ್ತಾರೆ. ಥರ್ಮಾಮೀಟರಿಗೆ ಮುಖ ಹಚ್ಚಿ ನೋಡುತ್ತಾರೆ. ಇಪ್ಪತ್ತಾರು ಡಿಗ್ರಿ ಇರಬೇಕಾದ ನೀರು ಇಪ್ಪತ್ತೊಂದಕ್ಕೆ ಇಳಿದಿದೆ. ಗೋಡೆಯ ಪ್ಲಗ್ಗಿನಲ್ಲಿ ಹೀಟರ್ ಇಲ್ಲ, ಯಾರದೋ ಮೊಬೈಲ್ ಚಾರ್ಜರ್ ನೇತಾಡುತ್ತಿದೆ. ವರದಿ ಬರೆಯಲು ಜೊತೆಗೆ ಬಂದ ನನಗಂತೂ ಆ ಮಹಾನುಭಾವನನ್ನು ಹುಡುಕಿ ನಾಲ್ಕು ಮಾತು ಆಡಬೇಕೆನ್ನಿಸಿತು. ಚಂದ್ರಾಬಾಯಿ ಚಾರ್ಜರ್ ಕಿತ್ತು, ಅದರ ವಯರನ್ನು ಓರಣವಾಗಿ ಸುತ್ತಿ ಶೆಲ್ಫಿನ ಮೇಲಿಟ್ಟು, ಹೀಟರ್ ಹಚ್ಚುತ್ತಾರೆ.

"ಇರಲಿ ಬಿಡ್ರಿ. ಯಾರ ಮಗು ಅಡ್ಮಿಟ್ ಐತೋ ಏನೋ, ರಾತ್ರಿ ಮನಿಗೆ ಫೋನ್ ಮಾಡೂದಿದ್ದೀತು," ಎನ್ನುತ್ತಾರೆ. ದನಿ ಸಮಾಧಾನದ್ದೇ, ಆದರೆ ಕಣ್ಣು ಮತ್ತೆ ಮತ್ತೆ ಥರ್ಮಾಮೀಟರಿನ ಕಡೆ ಹೋಗುತ್ತಿದೆ.

ಈ ಆತಂಕಕ್ಕೆ ಕಾರಣವಿದೆ. ಇವತ್ತು ಒಂಬತ್ತು ಗಂಟೆಗೆ ವಾರ್ಡಿನ ಮಕ್ಕಳು ಈ ಕೋಣೆಗೆ ಬರುತ್ತಾರೆ, ಜೊತೆಗೆ ಆಸ್ಪತ್ರೆ ನಡೆಸುವ ಡಾಕ್ಟರ್ ರೂಪಾಲಿ. ಮಕ್ಕಳಿಗೆ ಮೀನು ಕಂಡರೆ ತೊಟ್ಟಿ ಇಲ್ಲೇ ಉಳಿಯುತ್ತದೆ. ಕಾಣದಿದ್ದರೆ ಹೊರಗಿನ ಕಾರಿಡಾರಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಸಲೈನ್ ಬಾಕ್ಸುಗಳು ನಾಳೆ ಒಳಗೆ ಬರುತ್ತವೆ, ಮೀನು ಹೊರಗೆ ಹೋಗುತ್ತವೆ. ಚಳಿಯಾದರೆ ಈ ಮೀನು ಅಲುಗಾಡುವುದಿಲ್ಲ. ಒಂಬತ್ತಕ್ಕೆ ಇನ್ನು ಎರಡೂವರೆ ಗಂಟೆ ಇದೆ, ನೀರಿಗೆ ಐದು ಡಿಗ್ರಿ ಏರಬೇಕಿದೆ.

ಮೀನು ಎಂದರೆ ಬಣ್ಣದ ಬಾಲ ಬೀಸುತ್ತ ಓಡಾಡುವ ಚೆಲುವೆಯರಲ್ಲ. ಅಂಗಡಿಯವರ ಬಾಯಲ್ಲಿ ಇದು ಬಂಬಲ್‌ಬೀ ಕ್ಯಾಟ್‌ಫಿಶ್. ಚಂದ್ರಾಬಾಯಿಯ ಬಾಯಲ್ಲಿ ಮೀಸಿ ಮೀನು. ದಕ್ಷಿಣ ಅಮೆರಿಕದ ಬೆಚ್ಚಗಿನ ತೊರೆಗಳದ್ದು, ಪೂರ್ತಿ ಬೆಳೆದರೂ ನಮ್ಮ ತೋರುಬೆರಳಿನಷ್ಟು. ಮೈತುಂಬ ಕಪ್ಪು ಹಳದಿ ಪಟ್ಟೆ, ಬಾಯಿಯ ಸುತ್ತ ಆರು ಮೀಸೆ. ಗಾತ್ರ ನೋಡಿ ಪಾಪದ ಪ್ರಾಣಿ ಎಂದುಕೊಳ್ಳಬೇಡಿ, ಅಪ್ಪಟ ಮಾಂಸಾಹಾರಿ. ಹಗಲೆಲ್ಲ ಸಂದಿಯಲ್ಲಿ ಬಿದ್ದುಕೊಂಡು, ಕತ್ತಲಾದ ಮೇಲೆ ಮೀಸೆಯಿಂದ ನೆಲ ತಡವುತ್ತ ಹೊರಡುತ್ತದೆ. ಹಗಲು ಹೊತ್ತಿನಲ್ಲಿ ತೊಟ್ಟಿಯ ಮುಂದೆ ನಿಂತವರಿಗೆ ಕಾಣುವುದು ಬರೀ ನೀರು ಮತ್ತು ತೆಂಗಿನ ಚಿಪ್ಪು.

ಅಷ್ಟರಲ್ಲಿ ಎಕ್ಸ್‌ರೇ ತೆಗೆಯುವ ದಿಲೀಪ ಸಾಳುಂಖೆ ಕೈಯಲ್ಲಿ ಒಂದು ಥರ್ಮಾಸ್ ಹಿಡಿದು ಬರುತ್ತಾರೆ. ಥರ್ಮಾಸಿನಲ್ಲಿ ಚಹಾ ಇದೆ ಎಂದುಕೊಂಡು ನಾನು ಕಪ್ಪು ಹುಡುಕಿದ್ದು ಈಗ ನೆನೆದರೆ ನಗು ಬರುತ್ತದೆ. ಅದರಲ್ಲಿರುವುದು ಮೀನಿನ ತಿಂಡಿ, ಬರ್ಫದಲ್ಲಿ ಗಟ್ಟಿ ಮಾಡಿದ ಕೆಂಪು ಹುಳ. ನೀರಿನ ಸಂಗತಿ ಕೇಳಿ ದಿಲೀಪ ತಲೆ ಕೆರೆದುಕೊಳ್ಳುತ್ತಾರೆ. ಬಕೆಟ್ಟು ಬಿಸಿನೀರು ಸುರಿದುಬಿಡೋಣವೇ ಎಂದು ಕೇಳುತ್ತಾರೆ. ಹಾಗೆ ಸುರಿದರೆ ಮೀನು ಸಾಯುತ್ತವೆ ಎನ್ನುತ್ತಾರೆ ಚಂದ್ರಾಬಾಯಿ. ಒಂದು ಕ್ಷಣ ಯೋಚಿಸಿ, ಶೆಲ್ಫಿನ ಕೆಳಗಿನಿಂದ ತಮ್ಮ ಹಳೆಯ ಸ್ಟೀಲ್ ಡಬ್ಬಿ ತೆಗೆಯುತ್ತಾರೆ. ವಾರ್ಡಿನ ಗೀಸರಿನಿಂದ ಕುದಿನೀರು ತುಂಬಿ, ಮುಚ್ಚಳ ಒತ್ತಿ, ಡಬ್ಬಿಯನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಡುತ್ತಾರೆ. ಬಿಸಿ ಡಬ್ಬಿಯಿಂದ ನೀರಿಗೆ ಮೆಲ್ಲಗೆ ಇಳಿಯಬೇಕು. ಡಬ್ಬಿ ಆರಿದಂತೆ ತೆಗೆದು ಮತ್ತೆ ತುಂಬಬೇಕು.

ಆ ಡಬ್ಬಿಗೆ ಒಂದು ಕತೆ ಇದೆ. ನೀರು ಕಾಯುವ ತನಕ ಅದನ್ನು ಹೇಳಿಬಿಡುತ್ತೇನೆ.

ಚಂದ್ರಾಬಾಯಿ ಸಾಂಗಲಿ ಹತ್ತಿರದ ಕವಲಾಪುರದ ಜೈನ ರೈತರ ಮಗಳು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮದುವೆಯಾಗಿ ಮಿರಜಿಗೆ ಬಂದರು. ಗಂಡ ತಾತ್ಯಾಸಾಹೇಬರು ಸಾಂಗಲಿ ಮಾರ್ಕೆಟ್ಟಿನಲ್ಲಿ ಅರಿಶಿನ ತೂಗುವ ಕೆಲಸದವರು, ಅಂಗಿ ಮೂರು ಸಲ ಒಗೆದರೂ ಹಳದಿ ಬಿಡುವುದಿಲ್ಲ. ಚಂದ್ರಾಬಾಯಿ ಇಪ್ಪತ್ತೆಂಟು ವರ್ಷದಿಂದ ಇದೇ ಆಸ್ಪತ್ರೆಯಲ್ಲಿ ಆಯಾ. ಈ ಕಡೆ ಆಯಾ ಎನ್ನುವುದಿಲ್ಲ, ಮಾವಶಿ ಎನ್ನುತ್ತಾರೆ. ಮೂರು ಮಹಡಿ, ಇಪ್ಪತ್ತೆರಡು ಹಾಸಿಗೆ, ದಿನಕ್ಕೆ ಹದಿನಾಲ್ಕು ಬಕೆಟ್ ನೆಲ ಒರೆಸುವ ನೀರು. ಹಾಸಿಗೆ ಬದಲಿಸುವುದು, ವಾಂತಿ ಬಳಿಯುವುದು, ಸೂಜಿ ಕಂಡು ಅಳುವ ಕೂಸನ್ನು ಸೊಂಟದ ಮೇಲೆ ಹೊತ್ತು ಓಡಾಡಿಸುವುದು, ಎಲ್ಲ ಅವರದೇ. ಇಷ್ಟು ವರ್ಷದಲ್ಲಿ ಅವರ ಫೋಟೋ ಯಾರೂ ತೆಗೆದಿಲ್ಲವಂತೆ, ಗುರುತಿನ ಚೀಟಿಗೆ ತೆಗೆದದ್ದನ್ನು ಬಿಟ್ಟರೆ.

ಐದು ವರ್ಷದ ಹಿಂದೆ ಆಸ್ಪತ್ರೆಯ ಹಜಾರಕ್ಕೆ ಒಂದು ಅಕ್ವೇರಿಯಂ ಬಂತು. ಮೂವತ್ತು ಗಪ್ಪಿ ಮೀನು, ಜೊತೆಗೆ ಚೆಂದದ ಪಟ್ಟೆ ಇವೆಯೆಂದು ಆರು ಮೀಸೆ ಮೀನು. ಪಟ್ಟೆಯವು ಬಂದ ದಿನವೇ ಕಲ್ಲಿನ ಸಂದಿ ಸೇರಿದವು, ಆಮೇಲೆ ಹಗಲಿನಲ್ಲಿ ಯಾರಿಗೂ ಕಾಣಲಿಲ್ಲ. ಬದಲಿಗೆ ಗಪ್ಪಿಗಳು ಕಡಿಮೆಯಾಗತೊಡಗಿದವು. ಮೂವತ್ತಿದ್ದದ್ದು ಒಂದು ವಾರಕ್ಕೆ ಇಪ್ಪತ್ತೆರಡಾಯಿತು, ಮರುವಾರ ಹದಿಮೂರು. ರಾತ್ರಿ ಪಾಳಿಯಲ್ಲಿದ್ದವರು ಚಂದ್ರಾಬಾಯಿ. ಅನುಮಾನ ನೆಟ್ಟಗೆ ಅವರ ಮೇಲೆ ಹೋಯಿತು.

ಇದನ್ನು ಹೇಳುವಾಗ ಅವರಿಗೆ ಈಗಲೂ ಸಿಟ್ಟು, ನಗು ಎರಡೂ ಒಟ್ಟಿಗೇ ಬರುತ್ತವೆ. "ಉಳ್ಳಾಗಡ್ಡಿ ಸೈತ ಮನಿಯೊಳಗ ತರೂದಿಲ್ರಿ ನಾವು. ಆ ಮೀನ ಒಯ್ದು ನಾ ಏನ ಮಾಡ್ಲಿ, ಉಪ್ಪಿನಕಾಯಿ ಹಾಕ್ಲೇನು?"

ಕೊನೆಗೆ ಕಳ್ಳನನ್ನು ಹಿಡಿದವರು ದಿಲೀಪ. ಒಂದು ರಾತ್ರಿ ತುರ್ತು ಎಕ್ಸ್‌ರೇ ಮುಗಿಸಿ ಹಜಾರದಲ್ಲಿ ಹಾಯುವಾಗ, ಪಟ್ಟೆಯದೊಂದು ನಿದ್ದೆ ಹೋಗಿದ್ದ ಗಪ್ಪಿಯನ್ನು ಇಡಿಯಾಗಿ ನುಂಗುವುದನ್ನು ಕಣ್ಣಾರೆ ಕಂಡರು. ಚಂದ್ರಾಬಾಯಿಯ ಮೇಲಿನ ಕಳಂಕ ಹೋಯಿತು, ಮೀಸೆ ಮೀನುಗಳಿಗೆ ಗಡೀಪಾರಿನ ಶಿಕ್ಷೆಯಾಯಿತು. ಹಗಲು ಕಾಣುವುದಿಲ್ಲ, ರಾತ್ರಿ ಜೊತೆಯವರನ್ನೇ ತಿನ್ನುತ್ತವೆ, ಗಟಾರಕ್ಕೆ ಎಸೆಯಿರಿ ಎಂದು ಅಂದಿನ ಮ್ಯಾನೇಜರ್ ಹೇಳಿದರು. ಎಸೆಯುವ ಕೆಲಸ ಬಂದದ್ದು ಮಾವಶಿಯ ಪಾಲಿಗೆ. ಚಂದ್ರಾಬಾಯಿ ಅಂದು ಮಧ್ಯಾಹ್ನದ ರೊಟ್ಟಿ ಪಲ್ಯವನ್ನು ಕಾಗದಕ್ಕೆ ಸುತ್ತಿಟ್ಟು, ತಮ್ಮ ಊಟದ ಡಬ್ಬಿ ತೊಳೆದು, ಅದರಲ್ಲಿ ತೊಟ್ಟಿಯ ನೀರು ತುಂಬಿ ಆರೂ ಮೀನನ್ನು ಮನೆಗೆ ಒಯ್ದರು. ಅಂದಿನಿಂದ ಆ ಡಬ್ಬಿಗೆ ಮನೆಯ ಅಡುಗೆಮನೆಯಲ್ಲಿ ಪ್ರವೇಶವಿಲ್ಲ.

ಈಗ ತೇಲುತ್ತಿರುವುದು ಅದೇ ಡಬ್ಬಿ. ಏಳೂಕಾಲಿಗೆ ನೀರು ಇಪ್ಪತ್ತೆರಡಕ್ಕೆ ಬಂದಿದೆ. ಎರಡನೆಯ ಸಲ ಕುದಿನೀರು ತುಂಬಿ ಆಗಿದೆ. ದಿಲೀಪರ ಮೊಬೈಲ್ ನಡುಗುತ್ತದೆ. ಮಾರ್ಕೆಟ್ಟಿನಿಂದ ತಾತ್ಯಾಸಾಹೇಬರು. ಹೆಂಡತಿ ಡಾರ್ಕ್‌ರೂಮಿನಲ್ಲಿ ಫೋನ್ ತೆಗೆಯುವುದಿಲ್ಲವೆಂದು ಗೊತ್ತಿದ್ದು ಇವರಿಗೆ ಮಾಡುತ್ತಾರೆ. ಮೀನು ಹೊರಗೆ ಬಂದವೇ ಎಂದು ಅವರು ವಿಚಾರಿಸುತ್ತಿರುವುದು ಬೆಳಗಿನಿಂದ ಇದು ಎರಡನೆಯ ಸಲ.

ಇದೇ ತಾತ್ಯಾಸಾಹೇಬರು ಅಂದು ಆ ಡಬ್ಬಿ ಕಂಡು ಬಾಗಿಲಲ್ಲೇ ನಿಂತಿದ್ದರಂತೆ. ಆಮೇಲೆ ಅವರೇ ಒಂದು ಹಳೆಯ ಗಾಜಿನ ತೊಟ್ಟಿ ಹುಡುಕಿ ತಂದರು. ಜೀವ ಉಳಿಸಿದ ಹಿಗ್ಗಿನಲ್ಲಿ ಗಂಡ ಹೆಂಡತಿ ಮಾಡಿದ್ದು ಒಂದು ದೊಡ್ಡ ತಪ್ಪು. ಬಹುಶಃ ಅವರಂಥ ಮನೆಯವರು ಮಾತ್ರ ಮಾಡಬಹುದಾದ ತಪ್ಪು.

ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಕತ್ತಲಲ್ಲಿ ಅನ್ನದೊಳಗೆ ಬೀಳುವ ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ವ್ರತ, ತಲೆಮಾರುಗಳಿಂದ ನಡೆದು ಬಂದದ್ದು. ಸಂಜೆ ಐದೂವರೆಗೆ ತಾಟು ಹಾಕುತ್ತಾರೆ, ಆರಕ್ಕೆ ಒಲೆ ಆರುತ್ತದೆ. ಮನೆಗೆ ಬಂದ ಮೀನೂ ಮನೆಯದೇ ಅಲ್ಲವೇ? ಅವಕ್ಕೂ ಐದೂವರೆಗೇ ಊಟ ಹಾಕಿದರು, ಟ್ಯೂಬ್‌ಲೈಟಿನ ಕೆಳಗೆ. ಊಟವೆಂದರೆ ಮೆತ್ತಗೆ ಬೇಯಿಸಿದ ಬಟಾಣಿ, ನೆನೆಸಿದ ಹೆಸರುಬೇಳೆ, ಹಬ್ಬದ ದಿನ ನಾಲ್ಕು ಅಗಳು ಅನ್ನ. ಬೆಳಕಿನಲ್ಲಿ ಮೀನು ಹೊರಗೆ ಬರಲಿಲ್ಲ, ಬಂದಿದ್ದರೂ ಬಟಾಣಿ ಮುಟ್ಟುತ್ತಿರಲಿಲ್ಲ. ಬೇಳೆ ಕೊಳೆತು ನೀರು ಹಾಳಾಯಿತು. ಎರಡು ತಿಂಗಳಲ್ಲಿ ನಾಲ್ಕು ಮೀನು ಸತ್ತವು.

ಆಗಿನಿಂದ ಐದು ವರ್ಷವಾಗಿದೆ. ಚಂದ್ರಾಬಾಯಿ ಈ ಭಾಗವನ್ನು ಹೇಳುವಾಗ ತೊಟ್ಟಿಯ ಕಡೆ ನೋಡುವುದಿಲ್ಲ.

"ಪುಣ್ಯಾ ಮಾಡಾಕತ್ತೇನಿ ಅನ್ಕೊಂಡಿದ್ದೆರಿ. ಉಪಾಸ ಕೆಡವಿ ಕೊಂದೆ. ನನ್ನ ವ್ರತ ನನಗ, ಅದರ ಹೊಟ್ಟಿ ಅದಕ್ಕ. ಅಷ್ಟ ತಿಳಿಯಾಕ ನಾಲ್ಕು ಜೀವ ಹೋದ್ವು."

ಇವು ಹುಳ ತಿನ್ನುವ ಮೀನು, ಅದೂ ಕತ್ತಲಲ್ಲಿ ಮಾತ್ರ ಎಂದು ಕಣ್ಣು ತೆರೆಸಿದವರು ದಿಲೀಪ. ಆದರೆ ಹುಳ ಹಾಕುವವರು ಯಾರು? ಮನೆಯ ಎಡಕ್ಕೆ ಜೈನರು, ಬಲಕ್ಕೆ ಲಿಂಗಾಯತರು, ಎದುರಿಗೆ ಮತ್ತೆ ಜೈನರು. ಇಡೀ ಓಣಿಯಲ್ಲಿ ಒಂದು ಹುಳ ಮುಟ್ಟುವ ಕೈ ಇರಲಿಲ್ಲ. ಹುಳ ಇಡಲು ಮನೆಯ ಫ್ರಿಜ್ಜೂ ಒಪ್ಪಲಿಲ್ಲ, ಅಲ್ಲಿ ದೇವರ ಪೂಜೆಯ ಹಾಲು ಇರುತ್ತದೆ. ಕೊನೆಗೆ ಹುಳಕ್ಕೆ ದಿಲೀಪರ ಮನೆಯ ಫ್ರಿಜ್ಜಿನಲ್ಲಿ, ಬಾಂಗಡೆ ಮೀನಿನ ಪಕ್ಕದಲ್ಲಿ ಜಾಗ ಸಿಕ್ಕಿತು. ಹಾಕುವ ಕೆಲಸ ಚಂದ್ರಾಬಾಯಿ ತಾವೇ ಹಿಡಿದರು. ಪಾಪ ಬರುತ್ತದೆ ಎಂದು ಓಣಿಯ ಹೆಂಗಸರು ಹೇಳಿದಾಗ, ಹಸಿದು ಸತ್ತ ನಾಲ್ಕರ ಪಾಪ ಯಾರ ತಲೆಯ ಮೇಲಿದೆ ಎಂದು ಕೇಳಿದರಂತೆ. ಆದರೂ ಹುಳದ ಋಣ ಅವರ ಮನಸ್ಸಿನಿಂದ ಹೋಗಲಿಲ್ಲ. ಹುಳ ಹಾಕಿದ ಮೊದಲ ದಿನವೇ ಬಸದಿಯಲ್ಲಿ ನಿಂತು ಬೆಲ್ಲ ಬಿಟ್ಟರು. ಸಾಂಗಲಿಯಂಥ ಕಬ್ಬಿನ ಸೀಮೆಯಲ್ಲಿ ಹುಟ್ಟಿ, ಹೋಳಿಗೆ ಎಂದರೆ ಪ್ರಾಣ ಬಿಡುತ್ತಿದ್ದವರು ಐದು ವರ್ಷದಿಂದ ಬೆಲ್ಲ ಬಾಯಿಗೆ ಹಾಕಿಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸುತ್ತಾರೆ, ತಾವು ಚಪಾತಿ ತಿನ್ನುತ್ತಾರೆ.

ಉಳಿದ ಎರಡು ಮೀನು ಮೈದುಂಬಿಕೊಂಡವು. ಸಾಂಗಲಿಯ ಅಕ್ವೇರಿಯಂ ಅಂಗಡಿಯವರು, ಕಾಣದ ಮೀನನ್ನು ಗಿರಾಕಿಗಳು ಕೊಳ್ಳುವುದಿಲ್ಲವೆಂದು, ಇನ್ನೂ ನಾಲ್ಕು ಕೊಟ್ಟರು. ಮತ್ತೆ ಆರಾಯಿತು. ಮೀಸೆ ಸವೆಯಬಾರದೆಂದು ಚಂದ್ರಾಬಾಯಿ ತೊಟ್ಟಿಯ ತಳಕ್ಕೆ ಹಾಕಿರುವುದು ನುಣ್ಣನೆಯ ಮರಳು, ಹನ್ನೆರಡು ನೀರಿನಲ್ಲಿ ಅಕ್ಕಿಯಂತೆ ತೊಳೆದದ್ದು. ಈ ಮೀನಿನ ರೆಕ್ಕೆಯಲ್ಲಿ ಮುಳ್ಳಿದೆ, ಬಲೆಗೆ ಸಿಕ್ಕಿದರೆ ಬಿಡಿಸುವಷ್ಟರಲ್ಲಿ ಮೀನಿನ ಕತೆ ಮುಗಿಯುತ್ತದೆ. ಅದಕ್ಕೇ ಅವರು ಬಲೆ ಬಳಸುವುದಿಲ್ಲ, ಚಹಾದ ಗ್ಲಾಸಿನಲ್ಲಿ ಎತ್ತುತ್ತಾರೆ. ವಾರಕ್ಕೆ ಎರಡು ಬಕೆಟ್ ನೀರು ಬದಲು. ನಳದ ನೀರನ್ನು ಒಂದು ದಿನ ಹಾಗೇ ಇಟ್ಟು, ಬಿಸಿ ಹದ ನೋಡಿ, ಆಮೇಲೆ ಒಳಗೆ. ಇವೆಲ್ಲವನ್ನೂ ಅವರಿಗೆ ಯಾವ ಪುಸ್ತಕವೂ ಕಲಿಸಿಲ್ಲ, ಅವರು ಓದಿದ್ದು ನಾಲ್ಕನೆಯ ಇಯತ್ತೆ.

ಎಂಟು ಗಂಟೆ. ಇಪ್ಪತ್ತಮೂರೂವರೆ ಡಿಗ್ರಿ. ಡಬ್ಬಿಗೆ ಮೂರನೆಯ ಸಲ ನೀರು. ಕೆಂಪು ಬೆಳಕಿನಲ್ಲಿ ನಾನೂ ಗಾಜಿಗೆ ಮೂಗು ಹಚ್ಚಿ ಕೂತಿದ್ದೇನೆ. ಮೂರು ತೆಂಗಿನ ಚಿಪ್ಪು, ಎರಡು ತುಂಡು ಪೈಪು. ಒಂದು ಮೀಸೆಯೂ ಇಲ್ಲ.

ಮನೆಯಲ್ಲಿ ಸುಖವಾಗಿದ್ದ ಮೀನನ್ನು ಮತ್ತೆ ಆಸ್ಪತ್ರೆಗೆ ತರುವ ಉಸಾಬರಿ ಯಾಕೆ ಎಂದು ಕೇಳುತ್ತೇನೆ. ಚಂದ್ರಾಬಾಯಿ ನೆಲದ ಮೇಲೆ ಕೂತು, ಸೆರಗಿನಿಂದ ಕೈ ಒರೆಸಿಕೊಂಡು, ರಾತ್ರಿ ಪಾಳಿಯ ಮಾತು ತೆಗೆಯುತ್ತಾರೆ. ವಾರ್ಡಿನಲ್ಲಿ ಯಾವಾಗಲೂ ಒಂದಿಬ್ಬರು ಮಕ್ಕಳು ಎಚ್ಚರವಿರುತ್ತಾರೆ. ಪ್ಲಾಸ್ಟರಿನೊಳಗೆ ಕೈ ನವೆಯಾಗುತ್ತದೆ, ಹೊಲಿಗೆ ಜಗ್ಗುತ್ತದೆ, ಮನೆ ನೆನಪಾಗುತ್ತದೆ. ಹಗಲೆಲ್ಲ ಓಡಾಡಿದ ತಾಯಿ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಾಳೆ. ಅಂಥ ಮಕ್ಕಳನ್ನು ಚಂದ್ರಾಬಾಯಿ ಎತ್ತಿಕೊಂಡು ಹಜಾರದ ತೊಟ್ಟಿಯ ಹತ್ತಿರ ಕೂರಿಸುತ್ತಿದ್ದರು. ಗಪ್ಪಿ ನುಂಗಿದ್ದು ಅವರಿಗೆ ಕಂಡಿರಲಿಲ್ಲ, ಆದರೆ ಅರೆಗತ್ತಲಲ್ಲಿ ಮೀಸೆ ಅಲ್ಲಾಡುವುದು ಕಂಡಿತ್ತು.

"ನೋಡಪಾ, ಇವಕ್ಕೂ ನಿದ್ದಿ ಬಂದಿಲ್ಲ, ನಿನಗೂ ಬಂದಿಲ್ಲ, ನನಗೂ ಬಂದಿಲ್ಲ ಅಂತಿದ್ದೆ. ಹುಡುಗೂರು ಅಳೂದ ನಿಲ್ಲಸ್ತಿದ್ವು. ಆ ಮೀನ ಹೋದಮ್ಯಾಲ ಏನ ತೋರಸ್ಲಿ? ಹಗಲಿನ ಮೀನು ರಾತ್ರಿ ನಿದ್ದಿ ಮಾಡ್ತಾವ."

ಮೊಣಕಾಲು ನೋವು ಬಂದ ಮೇಲೆ ಅವರಿಗೆ ಹಗಲು ಪಾಳಿ ಸಿಕ್ಕಿತು. ಹಗಲು ಅಳುವ ಮಕ್ಕಳೇನು ಕಡಿಮೆಯೇ? ಆಪರೇಷನ್ನಿಗೆ ಕಾಯುವವರು, ಬೆಳಗಿನಿಂದ ಹಸಿದವರು. ಆದರೆ ಹಗಲು ಮೀಸೆ ಮೀನು ಕಾಣುವುದಿಲ್ಲ. ಆಗಸ್ಟ್ ತಿಂಗಳಲ್ಲಿ ದಿಲೀಪ ತಮ್ಮ ಹಳೆಯ ಕೋಣೆಯ ಬಗ್ಗೆ ತಮಾಷೆ ಮಾಡಿದರು, ತನ್ನ ರೂಮಿನಲ್ಲಿ ನಡು ಮಧ್ಯಾಹ್ನವೂ ಮಧ್ಯರಾತ್ರಿಯೇ ಎಂದು. ಆ ಮಾತು ಚಂದ್ರಾಬಾಯಿಯ ತಲೆಯಲ್ಲಿ ಕೂತುಬಿಟ್ಟಿತು. ರಾತ್ರಿಯೆಲ್ಲ ಬಿಳಿ ದೀಪ ಹಚ್ಚಿ, ಹಗಲೆಲ್ಲ ಕತ್ತಲು ಮಾಡಿದರೆ ಮೀನು ಅದನ್ನೇ ರಾತ್ರಿ ಎಂದು ತಿಳಿಯುವುದಿಲ್ಲವೇ? ಡಾರ್ಕ್‌ರೂಮಿನ ಕೆಂಪು ಬಲ್ಬು ಹೇಗೂ ಇತ್ತು. ಆ ಕೆಂಪು ಮೀನಿನ ಕಣ್ಣಿಗೆ ಹತ್ತುವುದಿಲ್ಲ, ನಮಗೆ ಹತ್ತುತ್ತದೆ. ಡಾಕ್ಟರ್ ರೂಪಾಲಿ ಎರಡು ದಿನ ಯೋಚಿಸಿ, ನಕ್ಕು, ಒಪ್ಪಿದರು. ಒಂದೇ ಷರತ್ತು, ಮಕ್ಕಳಿಗೆ ನಿಜಕ್ಕೂ ಕಾಣಬೇಕು.

ನವೆಂಬರಿನಲ್ಲಿ ಮೊದಲ ಪರೀಕ್ಷೆ ಕೈಕೊಟ್ಟಿತು. ಡಾಕ್ಟರು, ನರ್ಸುಗಳು ಬಿಸಿಲಿನಿಂದ ನೇರ ಒಳಗೆ ಬಂದು, ಒಂದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ, ಏನೂ ಇಲ್ಲವೆಂದು ಹೊರಗೆ ಹೋದರು. ಮೀನು ಆಗ ಹೊರಗೇ ಇದ್ದವು. ಬೆಳಕಿನಿಂದ ಬಂದ ಕಣ್ಣಿಗೆ ಕತ್ತಲು ಹೊಂದಲು ಹೊತ್ತು ಬೇಕು ಎನ್ನುವುದು ಇಪ್ಪತ್ತು ವರ್ಷ ಫಿಲ್ಮ್ ತೊಳೆದ ದಿಲೀಪರಿಗೆ ಗೊತ್ತಿತ್ತು, ಹೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ಇನ್ನೊಂದೇ ಅವಕಾಶ ಕೊಟ್ಟರು. ಅದು ಇವತ್ತು.

ಒಂಬತ್ತಕ್ಕೆ ಐದು ನಿಮಿಷ. ಐದು ಡಬ್ಬಿ ಕುದಿನೀರು ಆಗಿದೆ, ಥರ್ಮಾಮೀಟರ್ ಇಪ್ಪತ್ತೈದೂವರೆ ತೋರಿಸುತ್ತಿದೆ. ಚಂದ್ರಾಬಾಯಿ ಡಬ್ಬಿಯನ್ನು ಹೊರತೆಗೆದು ಒರೆಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಸೂರ್ಯ ಮೂಡಿ ಎರಡು ಗಂಟೆಯಾಗಿದೆ, ಅವರ ಹೊಟ್ಟೆಗೆ ಇನ್ನೂ ಒಂದು ಗುಟುಕು ಚಹಾ ಇಳಿದಿಲ್ಲ. ಕಾರಿಡಾರಿನಲ್ಲಿ ಮಕ್ಕಳ ಕಲರವ ಕೇಳಿಸುತ್ತದೆ. ನಾಲ್ಕು ಹಳ್ಳಿ, ಹತ್ತು ಸಭೆ ಸುತ್ತಿ ವರದಿ ಬರೆದ ನಾನು ಬೆರಳುದ್ದದ ಮೀನಿಗಾಗಿ ಹೀಗೆ ಉಸಿರು ಹಿಡಿದು ಕೂರುತ್ತೇನೆಂದು ಅಂದುಕೊಂಡಿರಲಿಲ್ಲ.

ಐದು ಮಕ್ಕಳು ಒಳಗೆ ಬಂದರು. ಮುಂದೆ ನಿಂತವಳು ಸಾಯಲಿ, ಲಿಂಗನೂರಿನಿಂದ ಬಂದ ಏಳು ವರ್ಷದ ಹುಡುಗಿ, ಬಲಗೈ ಪ್ಲಾಸ್ಟರಿನಲ್ಲಿದೆ. ಹಿಂದೆ ಡಾಕ್ಟರ್ ರೂಪಾಲಿ. ಬಾಗಿಲು ಮುಚ್ಚುತ್ತದೆ. ಚಂದ್ರಾಬಾಯಿ ಮಕ್ಕಳಿಗೆ ಮರಾಠಿಯಲ್ಲಿ ಹೇಳುತ್ತಾರೆ, ಎಲ್ಲರೂ ಕಣ್ಣು ಗಟ್ಟಿಯಾಗಿ ಮುಚ್ಚಿ ಮಗ್ಗಿ ಹೇಳಬೇಕು, ಎರಡರಿಂದ ಐದರವರೆಗೆ, ಕಣ್ಣು ತೆರೆದವರಿಗೆ ಮೀನು ಕಾಣುವುದಿಲ್ಲ. ಇದು ಈ ಸಲದ ಹೊಸ ಉಪಾಯ. ಕಣ್ಣು ಹೊಂದಲು ಬೇಕಾದ ಹೊತ್ತನ್ನು ಮಕ್ಕಳು ಸುಮ್ಮನೆ ಕಾಯುವುದಿಲ್ಲ, ಮಗ್ಗಿಯಾದರೆ ಹೇಳುತ್ತಾರೆ. "ಬೇ ಏಕೆ ಬೇ, ಬೇ ದುಣೇ ಚಾರ..." ಕತ್ತಲಲ್ಲಿ ಐದು ಸಣ್ಣ ದನಿ ರಾಗವಾಗಿ ಏಳುತ್ತವೆ. ದಿಲೀಪರೂ ಸೇರಿಕೊಳ್ಳುತ್ತಾರೆ. ಮೂರರ ಮಗ್ಗಿಗೆ ಡಾಕ್ಟರ್ ದನಿಯೂ ಸೇರುತ್ತದೆ. ನಾಲ್ಕರದ್ದರಲ್ಲಿ ನಾನೇ ತಪ್ಪುತ್ತೇನೆ.

ಐದರದ್ದು ಮುಗಿದು ಎಲ್ಲರೂ ಕಣ್ಣು ತೆರೆದರು. ಚಿಪ್ಪು, ಪೈಪು, ಮರಳು ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ. ಮೀನಿಲ್ಲ.

ಚಂದ್ರಾಬಾಯಿ ದಿಲೀಪರ ಥರ್ಮಾಸಿನಿಂದ ಒಂದು ತುಣುಕು ಹುಳವನ್ನು ಡ್ರೆಸಿಂಗ್ ಮಾಡುವ ಚಿಮಟದಲ್ಲಿ ಹಿಡಿದು ನೀರಿಗೆ ಇಳಿಸುತ್ತಾರೆ. ಒಂದು ನಿಮಿಷ. ಎರಡು. ಒಬ್ಬ ಹುಡುಗ ಆಕಳಿಸುತ್ತಾನೆ. ಡಾಕ್ಟರ್ ರೂಪಾಲಿಗೆ ಒಂಬತ್ತೂಕಾಲಿಗೆ ಆಪರೇಷನ್ ಇದೆ. ಹೊತ್ತು ನೋಡಲು ಅವರು ಮೊಬೈಲ್ ತೆಗೆಯುತ್ತಾರೆ. ಅದರ ಬಿಳಿ ಬೆಳಕು ಚಕ್ಕನೆ ಗಾಜಿನ ಮೇಲೆ ಬೀಳುತ್ತದೆ, ಚಿಪ್ಪಿನ ಬಾಯಲ್ಲಿ ಇಣುಕುತ್ತಿದ್ದದ್ದೇನೋ ಒಳಗೆ ಸರಿಯುತ್ತದೆ.

ಚಂದ್ರಾಬಾಯಿ ಹಿಂದೆ ಮುಂದೆ ನೋಡಲಿಲ್ಲ. ಕೈ ಚಾಚಿ ತಮ್ಮ ಸೆರಗನ್ನು ಡಾಕ್ಟರ ಮೊಬೈಲಿನ ಮೇಲೆ, ಮೊಬೈಲ್ ಹಿಡಿದ ಕೈಯ ಮೇಲೆ ಹಾಕಿಬಿಟ್ಟರು. ಇಪ್ಪತ್ತೆಂಟು ವರ್ಷದಲ್ಲಿ ಯಾವ ಡಾಕ್ಟರ ಎದುರಿಗೂ ಕೂತು ಮಾತಾಡದ ಹೆಂಗಸು. ಡಾಕ್ಟರು ಏನಾದರೂ ಹೇಳುವ ಮೊದಲೇ ಚಂದ್ರಾಬಾಯಿ ಹೇಳಿದ್ದು ಎರಡೇ ಮಾತು.

"ಸ್ವಲ್ಪ ತಡೀರಿ ಬಾಯೀ. ಅವಕ್ಕ ಈಗ ರಾತ್ರಿ ಐತಿ."

ಡಾಕ್ಟರ್ ರೂಪಾಲಿ ಲಿಂಗಾಯತರ ಮನೆಯವರು, ಕನ್ನಡ ಅರ್ಥವಾಗುತ್ತದೆ, ಮಾತಾಡಲು ತಡವರಿಸುತ್ತಾರೆ. ಅವರು ಸೆರಗಿನ ಕೆಳಗಿನಿಂದ ಕೈ ತೆಗೆಯಲಿಲ್ಲ.

ಮೊದಲು ಕಂಡವಳು ಸಾಯಲಿ. "ಮಾವಶಿ, ಮಿಶ್ಯಾ," ಎಂದು ಪಿಸುಗುಟ್ಟಿದಳು. ಮೀಸೆ. ಎಡಗಡೆಯ ಚಿಪ್ಪಿನಿಂದ ಎರಡು ಕೂದಲೆಳೆ ಹೊರಬಂದು ಮರಳು ಮುಟ್ಟಿ ನೋಡಿದವು. ಆಮೇಲೆ ಚಪ್ಪಟೆ ತಲೆ. ಆಮೇಲೆ ಪಟ್ಟೆ ಪಟ್ಟೆಯ ಇಡೀ ಮೈ. ಡಬ್ಬಿಯಲ್ಲಿ ಬಂದು, ಬಟಾಣಿಯ ಕಾಲದಲ್ಲೂ ಬದುಕುಳಿದ ಎರಡರಲ್ಲಿ ಒಂದು ಅದು, ಚಂದ್ರಾಬಾಯಿ ಅದನ್ನು ಯಜಮಾನಿ ಎನ್ನುತ್ತಾರೆ.

ಯಜಮಾನಿ ಮರಳಿನ ಮೇಲೆ ಹೊಟ್ಟೆ ಎಳೆಯುತ್ತ ಬಂದು, ಮೀಸೆಯಿಂದ ಚಿಮಟದ ತುದಿ ತಡವಿ, ಹುಳವನ್ನು ಗಬಕ್ಕನೆ ಎಳೆದುಕೊಂಡಿತು. ಪೈಪಿನಿಂದ ಎರಡನೆಯದು ಬಂತು. ಮೂರನೆಯದು ಅದನ್ನು ತಳ್ಳಿಕೊಂಡು ಬಂತು. ಮಕ್ಕಳು ದನಿ ಎತ್ತದೆ ಬೆರಳು ಮಡಿಸಿ ಎಣಿಸುತ್ತಿದ್ದಾರೆ. ಚಾರ್, ಪಾಚ್. ಆರನೆಯದು ಕೊನೆಯ ಚಿಪ್ಪಿನ ಹಿಂದೆ ಸತಾಯಿಸಿ, ಎಲ್ಲರ ಕುತ್ತಿಗೆ ನೋಯಿಸಿ, ಕೊನೆಗೆ ಬಂತು. ಐದು ಹಣೆಗಳು ಗಾಜಿಗೆ ಒತ್ತಿಕೊಂಡಿವೆ. ಆಪರೇಷನ್ನಿಗಾಗಿ ಬೆಳಗಿನಿಂದ ಹಸಿದಿದ್ದು ವಾರ್ಡಿನಲ್ಲಿ ರಂಪ ಮಾಡಿ ಬಂದ ಹುಡುಗನೊಬ್ಬ ಹಸಿವು ಮರೆತು ಮೀನಿನ ಊಟ ನೋಡುತ್ತಿದ್ದಾನೆ. ನನ್ನ ಕಣ್ಣು ಮಂಜಾಯಿತು, ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ ಎನ್ನುವುದೇ ಸಮಾಧಾನ.

ಒಂಬತ್ತೂವರೆಯಾದರೂ ಡಾಕ್ಟರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ಆಪರೇಷನ್ ಥಿಯೇಟರಿನಿಂದ ಕರೆ ಬಂದ ಮೇಲೆ ಎದ್ದು, ಸಲೈನ್ ಬಾಕ್ಸುಗಳನ್ನು ಟೆರೇಸಿನ ಮೆಟ್ಟಿಲ ಕೆಳಗೆ ಇಡಿಸಿ ಎಂದು ದಿಲೀಪರಿಗೆ ಹೇಳಿದರು. ಆಪರೇಷನ್ನಿಗೆ ಕಾಯುವ ಮಕ್ಕಳೆಲ್ಲ ಇನ್ನು ಮುಂದೆ ಇಲ್ಲೇ ಕಾಯಲಿ ಎಂದರು. ಬಾಗಿಲಲ್ಲಿ ತಿರುಗಿ, ಮಾವಶಿಗೆ ಏನು ಬೇಕು ಎಂದು ಕೇಳಿದರು. ಸಂಬಳ ಕೇಳುತ್ತಾರೇನೋ, ರಜೆ ಕೇಳುತ್ತಾರೇನೋ ಎಂದು ನಾನು ಪೆನ್ನು ಹಿಡಿದು ನಿಂತೆ.

"ಒಂದ ಪ್ಲಗ್ ಕೊಡಸ್ರಿ ಬಾಯೀ. ಮ್ಯಾಲ, ಯಾರ ಕೈಗೂ ಹತ್ತಬಾರದು. ಕೆಳಗಿಂದು ಮೊಬೈಲಿಗೆ ಇರಲಿ."

ದಿಲೀಪರ ಫೋನು ಮತ್ತೆ ನಡುಗಿತು. ಈ ಸಲ ಅವರು ಚಂದ್ರಾಬಾಯಿಯನ್ನು ಕಾರಿಡಾರಿಗೆ ಕರೆದು ಅದನ್ನು ಕೈಗೆ ಕೊಟ್ಟರು. ತಾತ್ಯಾಸಾಹೇಬರಿಗೆ ಆಕೆ ಹೇಳಿದ್ದು, ಆರೂ ಬಂದವು ಎಂದಷ್ಟೇ. ಆ ಕಡೆಯಿಂದ ಏನು ಮಾತು ಬಂತೋ ಗೊತ್ತಿಲ್ಲ, ಮುಖ ಕೆಂಪಾಗಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆಮೇಲೆ ಹದಿನಾಲ್ಕು ಬಕೆಟ್ಟುಗಳ ದಿನ ಶುರುವಾಯಿತು.

ಸಂಜೆ ಐದೂಕಾಲಿಗೆ ನಾನು ಮತ್ತೆ ಹೋದೆ. ಹೊರಗೆ ಬಿಸಿಲು ಹಳದಿಯಾಗಿ, ಗೋಡೆಗಳ ನೆರಳು ಉದ್ದವಾಗುತ್ತಿದೆ. ಚಂದ್ರಾಬಾಯಿ ಚಿಮಟ ತೊಳೆದು, ಡಬ್ಬಿಯನ್ನು ಶೆಲ್ಫಿನ ಕೆಳಗಿಟ್ಟು, ಕೆಂಪು ಬಲ್ಬು ಆರಿಸಿ ಬಿಳಿ ದೀಪ ಹಚ್ಚುತ್ತಾರೆ. ಆರು ಮೀನುಗಳು ಉರುಟು ಹೊಟ್ಟೆ ಹೊತ್ತು ಚಿಪ್ಪಿನೊಳಗೆ ಸರಿಯುತ್ತವೆ. ಅವಕ್ಕೆ ಬೆಳಗಾಯಿತು, ಇನ್ನು ಮಲಗುವ ಹೊತ್ತು. ಚಂದ್ರಾಬಾಯಿಗೆ ಮನೆ ಮುಟ್ಟಿ ಉಣ್ಣಲು ಸೂರ್ಯ ಇನ್ನು ಮುಕ್ಕಾಲು ಗಂಟೆ ಬಿಟ್ಟಿದ್ದಾನೆ. ಚಪ್ಪಲಿ ಮೆಟ್ಟಿಕೊಳ್ಳುತ್ತ ಅವರು ಒಮ್ಮೆ ಹಿಂದೆ ತಿರುಗಿ ಮುಚ್ಚಿದ ಬಾಗಿಲು ನೋಡುತ್ತಾರೆ.

"ಆವಾಗ ಅವನ್ನ ನಮ್ಮಂಗ ಮಾಡಾಕ ಹೋಗಿ ಕೊಂದೆರಿ. ಈಗ ಅವುರ ರಾತ್ರಿ ಅವಕ್ಕ ಕೊಟ್ಟೇನಿ, ಅವುರ ಊಟ ಅವಕ್ಕ ಕೊಟ್ಟೇನಿ. ಮತ್ತ ನೋಡ್ರಿ, ಹೊತ್ತು ಮುಳಗೂದ್ರೊಳಗ ಅವುರದೂ ಊಟ ಆತು."